ಒಟಿಪಿ ಯಾರ ಫೋನಿಗೆ ಬರುತ್ತದೆ?

ಸ್ತ್ರೀವಾದ ಮತ್ತು ಪುರುಷಪ್ರಧಾನ ವ್ಯವಸ್ಥೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಸಿದ್ಧಾಂತ ಕೇಳಿದವು ಕಡಿಮೆ. ಆಸ್ತಿ, ಅಡುಗೆಮನೆ, ಆಸ್ಪತ್ರೆ, ಪಂಚಾಯಿತಿಯ ಪತ್ರಗಳೇ ಹೆಚ್ಚು. ಉದ್ದ ಪತ್ರಗಳನ್ನು ಮೊಟಕು ಮಾಡಿದ್ದೇವೆ, ಹೆಸರುಗಳನ್ನು ಬಿಟ್ಟಿದ್ದೇವೆ.

ನಮ್ಮ ಮನೆಯಲ್ಲಿ ಎಲ್ಲ ಅಮ್ಮ ಹೇಳಿದ ಹಾಗೇ ನಡೆಯುತ್ತದೆ. ಅಪ್ಪ ಸಂಬಳ ತಂದು ಅಮ್ಮನ ಕೈಗೇ ಕೊಡುತ್ತಾರೆ. ಹಾಗಿದ್ದ ಮೇಲೆ ನಮ್ಮ ಮನೆ ಪುರುಷಪ್ರಧಾನ ಹೇಗಾಗುತ್ತದೆ? ಸ್ತ್ರೀವಾದ ಎಂದರೆ ಗಂಡಸರನ್ನು ಇಳಿಸಿ ಹೆಂಗಸರು ಮೇಲೆ ಕೂರುವುದಾ?
– ಬಿ.ಎ. ವಿದ್ಯಾರ್ಥಿ, ದಾವಣಗೆರೆ

ಬೀರುವಿನಲ್ಲಿರುವ ಕಾಗದಗಳನ್ನು ಒಮ್ಮೆ ಹೊರಗೆ ತೆಗೆಯಿರಿ. ಪಡಿತರ ಚೀಟಿಯಲ್ಲಿ ಅಮ್ಮನೇ ಯಜಮಾನಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯಲ್ಲಿ 18 ತುಂಬಿದ ಹೆಂಗಸರಲ್ಲಿ ಹಿರಿಯಳೇ ಚೀಟಿಯ ಮುಖ್ಯಸ್ಥೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದೂ ಆ ಲೆಕ್ಕದಲ್ಲೇ. ಈಗ ಮನೆಯ ಖಾತಾ, ಜಮೀನಿದ್ದರೆ ಪಹಣಿ, ಗಾಡಿಯ ಆರ್‌ಸಿ ನೋಡಿ. ಕೊನೆಗೆ ಅಮ್ಮನ ಬ್ಯಾಂಕ್ ಖಾತೆಗೆ ಜೋಡಿಸಿರುವ ಮೊಬೈಲ್ ನಂಬರ್ ಯಾರದು ನೋಡಿ. ದುಡ್ಡು ಅವರ ಖಾತೆಗೆ ಬಂದು ಒಟಿಪಿ ಮಾತ್ರ ಅಪ್ಪನ ಫೋನಿಗೋ ನಿಮ್ಮ ಫೋನಿಗೋ ಬರುತ್ತಿದ್ದರೆ, ಅಮ್ಮನ ಯಜಮಾನಿಕೆಯ ಎಲ್ಲೆ ಎಲ್ಲಿದೆ ಎಂದು ತಿಳಿಯುತ್ತದೆ. ಅವರದು ಪಾರುಪತ್ಯ. ಒಡೆತನ ಬೇರೆಯವರದು. ಪಾರುಪತ್ಯಗಾರರು ಎಷ್ಟೇ ಜೋರಾಗಿದ್ದರೂ ಜಮೀನು ಮಾರುವ ದಿನ ಅವರನ್ನು ಯಾರೂ ಕೇಳುವುದಿಲ್ಲ.

ಗಂಡಸು ಮನೆಯಲ್ಲಿ ಕೂಗಾಡಿದರೆ ಮಾತ್ರ ಪುರುಷಪ್ರಧಾನ ಎಂದುಕೊಳ್ಳಬೇಡಿ. ಆಸ್ತಿ, ಮನೆತನದ ಹೆಸರು, ಕೊನೆಯ ಮಾತು ಇವೆಲ್ಲ ಗಂಡಿನಿಂದ ಗಂಡಿಗೆ ಇಳಿದು ಬರುವ ಏರ್ಪಾಟಿಗೆ ಆ ಹೆಸರು. ಸಾಧು ಸ್ವಭಾವದ ಅಪ್ಪನ ಮನೆಯಲ್ಲೂ ಅದು ಸದ್ದಿಲ್ಲದೆ ನಡೆಯುತ್ತದೆ. ಇದರಲ್ಲಿ ಹೆಂಗಸರಿಗೂ ಒಂದು ಪಾಲು ಸಿಗುತ್ತದೆ, ಆದರೆ ತಡವಾಗಿ. ಸೊಸೆಯಾಗಿ ತಲೆ ತಗ್ಗಿಸಿದವಳು ಮಗನಿಗೆ ಮದುವೆಯಾದ ಮೇಲೆ ಅತ್ತೆಯಾಗಿ ತಲೆ ಎತ್ತುತ್ತಾಳೆ. ಟರ್ಕಿ ಮೂಲದ ಸಮಾಜಶಾಸ್ತ್ರಜ್ಞೆ ಡೆನಿಜ್ ಕಂಡಿಯೋಟಿ 1988ರಲ್ಲಿ ಇದನ್ನು ವ್ಯವಸ್ಥೆಯ ಜೊತೆ ಹೆಂಗಸರು ಮಾಡಿಕೊಳ್ಳುವ ಚೌಕಾಸಿ ಎಂದು ವಿವರಿಸಿದರು. ‘ಹೆಣ್ಣಿಗೆ ಹೆಣ್ಣೇ ಶತ್ರು’ ಎಂದು ನಾವು ಸಲೀಸಾಗಿ ಹೇಳಿಬಿಡುವ ಮಾತಿನ ಹಿಂದೆ ಇರುವುದು ಈ ಚೌಕಾಸಿಯೇ.

ಇನ್ನು ಸ್ತ್ರೀವಾದ. ದುಡಿಮೆ ಯಾರದೋ ತೀರ್ಮಾನವೂ ಅವರದಿರಲಿ, ಹುಟ್ಟಿದ್ದು ಹೆಣ್ಣಾಗಿ ಎಂಬ ಕಾರಣಕ್ಕೆ ಯಾರ ಪಾಲೂ ಕಡಿಮೆಯಾಗದಿರಲಿ ಎಂದು ಕೇಳುವುದು ಅದು. ಕುರ್ಚಿ ಅದಲುಬದಲು ಮಾಡುವ ಆಟವಾಗಿದ್ದರೆ ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಗಂಡಸರಿಗೂ ಈ ಏರ್ಪಾಟು ದುಬಾರಿಯೇ. ‘ನೀನೇ ದುಡಿಯಬೇಕು, ಅಳಬಾರದು, ಸೋತೆ ಎನ್ನಬಾರದು’ ಎಂದು ಚಿಕ್ಕಂದಿನಿಂದ ಕೇಳಿಸಿಕೊಂಡವರು ಅವರು. ದೇಶದಲ್ಲಿ ವರ್ಷವರ್ಷ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಗಂಡಸರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಇತ್ತೀಚಿನ ವರದಿಗಳು ಹೇಳುತ್ತವೆ.

ಅಂದಹಾಗೆ, ಅಮ್ಮನ ನಂಬರ್ ಬದಲಿಸುವುದಾದರೆ ಎರಡು ಕಡೆ ಬದಲಿಸಬೇಕು. ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ಅರ್ಜಿ ಕೊಡಬೇಕು. ಆಧಾರಿಗೆ, ಆಧಾರ್ ಕೇಂದ್ರಕ್ಕೆ ಅಮ್ಮನೇ ಹೋಗಿ ಬೆರಳಚ್ಚು ಕೊಟ್ಟರಾಯಿತು. ಒಂದು ಕಡೆ ಬದಲಾದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಬಹಳ ಜನ ತೊಡರಿಕೊಳ್ಳುವುದು ಇಲ್ಲೇ.

ಅಮ್ಮ ಮೊದಲೇ ಹೋಗಿದ್ದರು, ಅಪ್ಪ ತೀರಿಕೊಂಡು ಒಂದು ವರ್ಷ. 4 ಎಕರೆ ಜಮೀನಿದೆ. ಅಣ್ಣಂದಿರು ಇಬ್ಬರು, ನಾನೊಬ್ಬಳೇ ಹೆಣ್ಣು. ನನ್ನ ಮದುವೆ ಆಗಿದ್ದು 1992ರಲ್ಲಿ. ‘ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸಹಿ ಹಾಕಿ ಹೋಗು, ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಲ್ಲ’ ಅಂತಾರೆ. ಹಾಕದಿದ್ದರೆ ತವರು ತಪ್ಪಿಹೋಗುತ್ತೆ ಅಂತ ಭಯ. ನನಗೆ ಪಾಲು ಇದೆಯಾ?
– ಹೆಸರು ಬೇಡ, ತಿಪಟೂರು ತಾಲ್ಲೂಕು

ಇದೆ. ಮೊದಲು ಲೆಕ್ಕ ನೋಡೋಣ. ಜಮೀನು ಪಿತ್ರಾರ್ಜಿತವಾಗಿದ್ದರೆ ಅಪ್ಪ, ಇಬ್ಬರು ಅಣ್ಣಂದಿರು, ನೀವು, ಒಟ್ಟು ನಾಲ್ಕು ಪಾಲು. ತಲಾ 1 ಎಕರೆ. ಅಪ್ಪನ ಆ 1 ಎಕರೆ ಮೂವರು ಮಕ್ಕಳಿಗೆ ಸಮನಾಗಿ ಹಂಚಿಹೋಗುತ್ತದೆ. ಅಲ್ಲಿಗೆ ನಿಮ್ಮದು 1 ಎಕರೆ 13 ಗುಂಟೆ ಚಿಲ್ಲರೆ. ಜಮೀನು ಅಪ್ಪನ ಸ್ವಯಾರ್ಜಿತವಾಗಿದ್ದು ಉಯಿಲು ಇಲ್ಲದಿದ್ದರೂ ಮೂರರಲ್ಲಿ ಒಂದು, ಅಂದರೆ ಅಷ್ಟೇ. ವ್ಯತ್ಯಾಸ ಬರುವುದು ಉಯಿಲು ಇದ್ದಾಗ. ಎಲ್ಲವೂ ಗಂಡುಮಕ್ಕಳಿಗೆ ಎಂದು ಅಪ್ಪ ಬರೆದಿಟ್ಟಿದ್ದರೆ, ಸ್ವಯಾರ್ಜಿತದಲ್ಲಿ ನಿಮಗೇನೂ ಉಳಿಯುವುದಿಲ್ಲ. ಪಿತ್ರಾರ್ಜಿತವಾಗಿದ್ದರೆ ಅಪ್ಪ ಬರೆಯಲು ಸಾಧ್ಯವಿದ್ದದ್ದು ತನ್ನ 1 ಎಕರೆಯನ್ನು ಮಾತ್ರ, ನಿಮ್ಮ 1 ಎಕರೆ ನಿಮ್ಮದೇ. ಆದ್ದರಿಂದ ಜಮೀನು ಯಾವ ಬಗೆಯದು ಎಂಬುದು ಮೊದಲು ಇತ್ಯರ್ಥವಾಗಬೇಕು. ಹಳೆಯ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ರಿಜಿಸ್ಟರಿನ ನಕಲು, ಉಪನೋಂದಣಿ ಕಚೇರಿಯ ಋಣಭಾರ ಪತ್ರ (ಇಸಿ) ತೆಗೆಸಿದರೆ ಅಪ್ಪನಿಗೆ ಅದು ತಾತನಿಂದ ಬಂತೇ, ಕ್ರಯಕ್ಕೆ ಬಂತೇ ಎಂದು ಗೊತ್ತಾಗುತ್ತದೆ.

‘1994ಕ್ಕೆ ಮುಂಚೆ ಮದುವೆಯಾದವರಿಗೆ ಪಾಲಿಲ್ಲ’ ಎಂದು ಊರಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ, ಹಳೆಯ ನಿಜ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. ಆದರೆ ಆ ದಿನಕ್ಕೆ ಮದುವೆಯಾಗದೆ ಉಳಿದಿದ್ದವರಿಗೆ ಮಾತ್ರ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದ ತೆಗೆದುಹಾಕಿತು. ಮದುವೆ ಯಾವ ವರ್ಷದ್ದಾದರೂ ಮಗಳು ಮಗನಷ್ಟೇ ಪಾಲುದಾರಳು. ಅಪ್ಪ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೆ ಹೇಗೆ ಎಂಬ ಗೊಂದಲವನ್ನೂ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಬಿಡಿಸಿದೆ: ಹಕ್ಕು ಹುಟ್ಟಿನಿಂದ ಬಂದದ್ದು, ಆ ದಿನ ಅಪ್ಪ ಬದುಕಿರಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿಹೋಗಿದ್ದರೆ ಮಾತ್ರ ಅದನ್ನು ಕೆದಕಲಾಗದು. ‘ಬಾಯಿಮಾತಲ್ಲಿ ಆಗಲೇ ಪಾಲಾಗಿತ್ತು’ ಎಂಬ ವಾದಕ್ಕೆ ಗಟ್ಟಿಯಾದ ಸರ್ಕಾರಿ ದಾಖಲೆ ಬೇಕು, ಬರೀ ಮಾತು ನಡೆಯದು.

ಮೋಸ ಆಗುವುದು ಕೋರ್ಟಿನಲ್ಲಿ ಕಡಿಮೆ, ವಂಶವೃಕ್ಷದಲ್ಲಿ ಹೆಚ್ಚು. ಪೌತಿ ಖಾತೆಗೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕುವಾಗ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಬಿಟ್ಟುಹೋಗಿರುತ್ತದೆ. ಇಂದೇ ಆ ಪ್ರತಿ ತೆಗೆಸಿ ನೋಡಿ. ನಿಮ್ಮ ಹೆಸರಿಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿಗೂ ತಹಶೀಲ್ದಾರರಿಗೂ ಬರಹದಲ್ಲಿ ತಕರಾರು ಕೊಡಿ. ಸರ್ವೆ ನಂಬರ್, ಅಪ್ಪ ತೀರಿಕೊಂಡ ದಿನ, ನಿಮ್ಮ ಸಂಬಂಧ ಇಷ್ಟು ಇದ್ದರೆ ಸಾಕು, ಜೊತೆಗೆ ಟಿ.ಸಿ. ಅಥವಾ ಅಂಕಪಟ್ಟಿಯಂಥ, ಅಪ್ಪನ ಹೆಸರಿರುವ ಒಂದು ಕಾಗದ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಮ್ಯುಟೇಷನ್ ನೋಟಿಸಿನಲ್ಲಿ ಬರೆದ ಗಡುವಿನೊಳಗೆ ತಕರಾರು ಬಿದ್ದರೆ ಖಾತೆ ತಾನಾಗಿ ಅಣ್ಣಂದಿರ ಹೆಸರಿಗೆ ಏರುವುದಿಲ್ಲ, ವಿಚಾರಣೆ ನಡೆಯಬೇಕು. ಒಂದು ವೇಳೆ ಏರಿಹೋಗಿದ್ದರೂ ಎದೆಗುಂದಬೇಡಿ. ಖಾತೆ ಕಂದಾಯಕ್ಕಾಗಿ ಇರುವ ದಾಖಲೆ, ಅದರಿಂದ ಒಡೆತನ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಆದರೂ ಸುಮ್ಮನೆ ಕೂರಬಾರದು. ಪಾಲಿನಿಂದ ಹೊರಗಿಟ್ಟದ್ದು ಗೊತ್ತಾದಂದಿನಿಂದ 12 ವರ್ಷದೊಳಗೆ ದಾವೆ ಹಾಕಬೇಕು. ಮೋಸದಿಂದ ಸಹಿ ಹಾಕಿಸಿಕೊಂಡ ಪತ್ರ ರದ್ದು ಮಾಡಿಸಬೇಕಾದರೆ ಮೋಸ ಗೊತ್ತಾದ 3 ವರ್ಷದೊಳಗೆ.

ಇನ್ನು ಹಕ್ಕು ಬಿಡುಗಡೆ ಪತ್ರ. ಅದನ್ನು ಹಾಕಲೇಬಾರದು ಎಂದು ನಾವು ಹೇಳುವುದಿಲ್ಲ. ಹಾಕುವುದಾದರೆ ಓದಿ ಹಾಕಿ. ಕರಡು ಪ್ರತಿಯನ್ನು ಒಂದು ವಾರ ಮೊದಲೇ ಮನೆಗೆ ತರಿಸಿಕೊಳ್ಳಿ. ಉಪನೋಂದಣಿ ಕಚೇರಿಯ ಬಾಗಿಲಲ್ಲಿ ‘ಇಲ್ಲೊಂದು, ಇಲ್ಲೊಂದು’ ಎಂದು ಬೆರಳು ತೋರಿಸಿದ ಕಡೆ ಸಹಿ ಹಾಕಿದವರೇ ಆಮೇಲೆ ಕೊರಗುವುದು. ಎರಡು ಸಾಲು ಗಮನಿಸಿ. ಒಂದು, ‘ಹಣ ಪಡೆದಿರುತ್ತೇನೆ’ ಎಂಬ ಸಾಲು: ಬರೆದ ಮೊತ್ತ ಆ ದಿನವೇ ನಿಮ್ಮ ಖಾತೆಗೆ, ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಬಂದಿರಬೇಕು. ಇನ್ನೊಂದು, ಷೆಡ್ಯೂಲು: ನೀವು ಒಪ್ಪಿದ್ದು ಒಂದು ಸರ್ವೆ ನಂಬರಿಗೆ, ಅಲ್ಲಿ ಬರೆದಿರುವುದು ಮನೆ, ಕೊಟ್ಟಿಗೆ, ತೋಟ ಎಲ್ಲ. ‘ನೀನು ಬರೋದು ಬೇಡ, ಜಿಪಿಎ (ನಿನ್ನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕೊಟ್ಟುಬಿಡು’ ಎಂದರೆ ಬೇಡವೇ ಬೇಡ.

ಅಣ್ಣಂದಿರು ಅವಸರ ಮಾಡುವುದಕ್ಕೆ ಬರೀ ದುರಾಸೆಯೇ ಕಾರಣ ಎಂದುಕೊಳ್ಳಬೇಕಿಲ್ಲ. ಜಂಟಿ ಖಾತೆಯಿದ್ದರೆ ಸೊಸೈಟಿ ಸಾಲಕ್ಕೆ, ಬೆಳೆ ಸಾಲಕ್ಕೆ ಎಲ್ಲರ ಸಹಿ ಕೇಳುತ್ತಾರೆ. ನಿಮ್ಮನ್ನು ಪ್ರತಿ ಸಲ ಕರೆಸುವುದು ಅವರಿಗೂ ತಾಪತ್ರಯ. ಇದಕ್ಕೆ ಮದ್ದು 11ಇ ನಕ್ಷೆ (ಪಾಲು ಮಾಡುವ ಮುನ್ನ ಸರ್ವೆಯವರು ಅಳೆದು ಕೊಡುವ ನಕ್ಷೆ) ಮಾಡಿಸಿ ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳುವುದು. ನಿಮ್ಮ ಗುಂಟೆಗಳು ನಿಮ್ಮ ಹೆಸರಿಗೆ, ಅವರ ಸಾಲ ಅವರ ಪಹಣಿಯ ಮೇಲೆ. ತವರಿನ ಬಾಗಿಲು ಮುಚ್ಚದೆ ಮಾತಾಡಲು ಇದೊಂದು ದಾರಿ. ‘ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎಂಬ ಮಾತು ಬಂದರೆ, ಮದುವೆ ಖರ್ಚನ್ನು ಆಸ್ತಿಯ ಪಾಲಿನಿಂದ ಕಳೆಯುವ ಕಾನೂನು ಇಲ್ಲ. ವರದಕ್ಷಿಣೆ ಕೊಟ್ಟಿದ್ದೇವೆ ಎನ್ನುವವರಿಗೆ 1961ರಿಂದ ಕೊಡುವುದೂ ಅಪರಾಧ ಎಂಬುದನ್ನು ಮೆಲ್ಲಗೆ ನೆನಪಿಸಬಹುದು.

ವಕೀಲರ ಫೀಸಿನ ಚಿಂತೆಯಿದ್ದರೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100. ಮೇಲಿನ ಲೆಕ್ಕ ಹಿಂದೂ ಉತ್ತರಾಧಿಕಾರ ಕಾಯ್ದೆಯದು, ಜೈನ, ಬೌದ್ಧ, ಸಿಖ್ಖರಿಗೂ ಅನ್ವಯ. ಪರಿಶಿಷ್ಟ ಪಂಗಡದವರಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ, ಅವರು ಮೊದಲೇ ಈ ಅಂಶವನ್ನು ವಕೀಲರ ಬಳಿ ಕೇಳಬೇಕು. ಕ್ರೈಸ್ತರಲ್ಲಿ ಮಗ-ಮಗಳಿಗೆ ಸಮಪಾಲು, ಮುಸ್ಲಿಮರಲ್ಲಿ ಮಗನ ಅರ್ಧ ಮಗಳಿಗೆ.

ನಾನು ಬ್ಯಾಂಕ್ ನೌಕರಳು. ಗಂಡ ತೀರಿಕೊಂಡಿದ್ದಾರೆ, ಮಕ್ಕಳೂ ಇಲ್ಲ. ನನ್ನ ಸಂಬಳದಲ್ಲಿ ಕೊಂಡ ಸೈಟು ನನ್ನ ನಂತರ ನನ್ನ ತಾಯಿಗೇ ಹೋಗುತ್ತದಲ್ಲವೇ?
– ಹುಬ್ಬಳ್ಳಿ

ಉಯಿಲು ಬರೆಯದಿದ್ದರೆ ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಓದಿದವರಿಗೆ ಪುರುಷಪ್ರಧಾನ ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. ಗಂಡ ತೀರಿಕೊಂಡು ಮಕ್ಕಳೂ ಇಲ್ಲದ ಹೆಣ್ಣಿನ ಸ್ವಂತ ದುಡಿಮೆ ಮೊದಲು ಗಂಡನ ವಾರಸುದಾರರಿಗೆ; ಅವರು ಯಾರೂ ಇಲ್ಲದಿದ್ದರೆ ಆಮೇಲೆ ಹೆತ್ತವರಿಗೆ. ತಂದೆತಾಯಿಯಿಂದ ಬಂದ ಆಸ್ತಿ ಮಾತ್ರ ತವರಿನ ಕಡೆಗೆ ಮರಳುತ್ತದೆ. ಗಂಡಸಿನ ಆಸ್ತಿ ಹೆಂಡತಿಯ ಅಣ್ಣತಮ್ಮಂದಿರಿಗೆ ಹೀಗೆ ಹೋಗುವ ಪ್ರಸಂಗವೇ ಇಲ್ಲ. ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾಗಿ, ಅತ್ತೆಮನೆಯಿಂದ ಹೊರದಬ್ಬಿಸಿಕೊಂಡು, ತವರಿನಲ್ಲಿ ಓದಿ ಕೆಲಸಕ್ಕೆ ಸೇರಿದ ಒಬ್ಬಾಕೆಯ ಗಳಿಕೆಯೂ ಗಂಡನ ಕಡೆಯವರಿಗೇ ಸೇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡಬೇಕಾಯಿತು. ಕಾನೂನಿನ ಅಕ್ಷರ ಹಾಗಿತ್ತು.

ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳು ನೀವು ಸಹಿ ಹಾಕುವುದನ್ನು ಕಣ್ಣಾರೆ ನೋಡಿ ತಾವೂ ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನಿಮಗಿಂತ ಕಿರಿಯರಾದ ಸಾಕ್ಷಿಗಳನ್ನು ಹುಡುಕಿ. ಉಯಿಲು ಓದುವ ದಿನ ಸಾಕ್ಷಿಗಳೂ ಬದುಕಿರಬೇಕಲ್ಲ.

ನಮ್ಮದು ಅಳಿಯಕಟ್ಟು (ಅಳಿಯಸಂತಾನ). ಬರಿ, ಅಂದರೆ ಕುಲ, ತಾಯಿಯಿಂದಲೇ ಬರುತ್ತದೆ. ತುಳುನಾಡಿಗೆ ಸ್ತ್ರೀವಾದದ ಪಾಠ ಬೇಕೇ?
– ನಿವೃತ್ತ ಶಿಕ್ಷಕರು, ಉಡುಪಿ

ವಂಶ ಯಾರಿಂದ ಎಣಿಸುತ್ತೇವೆ, ಬೀಗದ ಕೈ ಯಾರ ಸೊಂಟದಲ್ಲಿದೆ, ಇವೆರಡು ಬೇರೆ ಬೇರೆ ಪ್ರಶ್ನೆ. ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಹಿರಿಯರು ಗಂಡಾಗಲಿ ಹೆಣ್ಣಾಗಲಿ ಯಜಮಾನಿಕೆ ವಹಿಸಲು ಅವಕಾಶವಿತ್ತು, ಯಜಮಾನ್ತಿ ಎಂಬ ಮಾತೇ ಅದಕ್ಕೆ ಸಾಕ್ಷಿ. ಆದರೆ ಗೇಣಿ ಎಣಿಸಿ ಕೋರ್ಟು ಕಚೇರಿ ಓಡಾಡುತ್ತಿದ್ದುದು ಹೆಚ್ಚಿನ ಕುಟುಂಬಗಳಲ್ಲಿ ಸೋದರಮಾವನೇ. ಅಪ್ಪನ ಬದಲು ಮಾವ.

ಹಾಗೆಂದು ಅದನ್ನು ತಳ್ಳಿಹಾಕುವಂತೆಯೂ ಇಲ್ಲ. ಗಂಡ ಸತ್ತರೂ ಬಿಟ್ಟರೂ ಹೆಣ್ಣಿಗೆ ಕುಟುಂಬದ ಮನೆಯಲ್ಲಿ ಜಾಗ ಇದ್ದೇ ಇತ್ತು, ಯಾರ ಉಪಕಾರವೂ ಬೇಕಿರಲಿಲ್ಲ. ಇದು ಘಟ್ಟದ ಮೇಲಿನ ಹೆಂಗಸರಿಗೆ ಸಿಗದ ಭದ್ರತೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದೊಳಗಿನ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. ಮುಂದೆ ವಂಶ ಬೆಳೆಸುವ ಹೆಣ್ಣಿಲ್ಲದ ನಿಸ್ಸಂತತಿ ಕವರಿಗೆ ಜೀವಿತಾವಧಿಯ ಹಕ್ಕು ಮಾತ್ರ ಎಂದಿತು. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಸತ್ತವರ ಪಾಲು ಎಲ್ಲರಂತೆ ಮಕ್ಕಳಿಗೇ ಇಳಿಯತೊಡಗಿತು. ಬರಿ ತಾಯಿಯದು ಉಳಿಯಿತು, ಆಸ್ತಿಯ ದಾರಿ ಬದಲಾಯಿತು. ಪಾಠ ಬೇಕೇ ಎಂದು ಕೇಳಿದಿರಿ. ಈಗಿನ ಕುಟುಂಬದ ಸಭೆಗಳಲ್ಲಿ ಮೈಕು ಯಾರ ಕೈಯಲ್ಲಿರುತ್ತದೆ ಎಂದು ನೋಡಿ ನೀವೇ ಹೇಳಿ.

ನಾನೂ ಹೆಂಡತಿಗೆ ಸಹಾಯ ಮಾಡುತ್ತೇನೆ. ಪಾತ್ರೆ ತೊಳೆಯುತ್ತೇನೆ, ವಾರಕ್ಕೊಮ್ಮೆ ಅಡುಗೆ ಮಾಡುತ್ತೇನೆ. ಆದರೂ ‘ಎಲ್ಲ ನನ್ನ ತಲೆ ಮೇಲೇ’ ಅಂತಾಳೆ. ಇನ್ನೇನು ಮಾಡಬೇಕು?
– ಐಟಿ ಉದ್ಯೋಗಿ, ಬೆಂಗಳೂರು

ಇಡ್ಲಿ ಹಿಟ್ಟನ್ನೇ ತೆಗೆದುಕೊಳ್ಳಿ. ಭಾನುವಾರ ಬೆಳಿಗ್ಗೆ 8ಕ್ಕೆ ಇಡ್ಲಿ ಬೇಕೆಂದರೆ ಹಿಟ್ಟು ಹುದುಗಲು 8ರಿಂದ 10 ಗಂಟೆ ಬೇಕು. ಅಂದರೆ ಶನಿವಾರ ರಾತ್ರಿ 9ರೊಳಗೆ ರುಬ್ಬಿರಬೇಕು. ಅದಕ್ಕೂ ಮೊದಲು 4–5 ಗಂಟೆ ಉದ್ದು, ಅಕ್ಕಿ ನೆನೆದಿರಬೇಕು. ಮಧ್ಯಾಹ್ನ 3ಕ್ಕೆ ನೆನೆಹಾಕಬೇಕು. ಡಬ್ಬಿಯಲ್ಲಿ ಉದ್ದು ಇದೆಯೇ ಎಂದು ಶುಕ್ರವಾರವೇ ನೋಡಿರಬೇಕು. ಚಳಿಗಾಲವಾದರೆ ಪಾತ್ರೆಯನ್ನು ಬೆಚ್ಚಗಿನ ಕಡೆ ಇಡಬೇಕು, ಬೇಸಿಗೆಯಾದರೆ ಹುಳಿಯಾಗುವ ಮೊದಲು ಫ್ರಿಜ್ಜಿಗೆ. ಇದರಲ್ಲಿ ಕೈ ಆಡಿಸುವ ಕೆಲಸ ಹೆಚ್ಚೆಂದರೆ 40 ನಿಮಿಷ. ನೆನಪಿಟ್ಟುಕೊಳ್ಳುವ ಕೆಲಸ ಎರಡು ದಿನದ್ದು. ನೀವು ತೊಳೆದದ್ದು ಇಡ್ಲಿ ತಟ್ಟೆ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ಕಂಡುಬಂತು. ಆ ದಿನ ಮನೆಗೆಲಸಕ್ಕೆ ಕೈ ಹಾಕಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಈ ನಿಮಿಷಗಳಲ್ಲಿ ನೆನಪಿನ ಲೆಕ್ಕ ಸೇರಿಲ್ಲ.

ಹೀಗೆ ಮಾಡಿ ನೋಡಿ. ಏಳು ದಿನ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ ಮೂರು ಕಾಲಂ ಎಳೆಯಿರಿ: ಕೆಲಸ, ಮಾಡಿದವರು, ‘ಆಗಬೇಕು’ ಎಂದು ಮೊದಲು ನೆನಪು ಮಾಡಿಕೊಂಡವರು. ಮೂರನೆಯ ಕಾಲಂನಲ್ಲಿ ನಿಮ್ಮ ಹೆಸರು ಎಷ್ಟು ಸಲ ಬರುತ್ತದೆ ಎಣಿಸಿ. ಆಮೇಲೆ ಬಿಡಿ ಕೆಲಸ ಕೇಳಿ ತೆಗೆದುಕೊಳ್ಳುವುದನ್ನು ಬಿಟ್ಟು ಇಡೀ ಬಾಬತ್ತು ವಹಿಸಿಕೊಳ್ಳಿ. ಉದಾಹರಣೆಗೆ ಅತ್ತೆಯ ಬಿಪಿ ಮಾತ್ರೆ: ಎಷ್ಟು ಉಳಿದಿದೆ, ಯಾವಾಗ ತರಬೇಕು, ಡಾಕ್ಟರ್ ಭೇಟಿ ಯಾವತ್ತು, ಎಲ್ಲ ನಿಮ್ಮದೇ. ‘ಏನು ತರ್ಲಿ?’ ಎಂದು ಅಂಗಡಿಯಿಂದ ಫೋನ್ ಮಾಡಿದರೆ ಬಾಬತ್ತು ವಾಪಸ್ ಅವರ ತಲೆಗೇ ಏರಿತು ಎಂದು ಲೆಕ್ಕ. ಹೆಂಡತಿಯವರಿಗೂ ಒಂದು ಮಾತು: ಗಂಡ ತೊಳೆದ ಕುಕ್ಕರನ್ನು ಮತ್ತೆ ತೊಳೆಯಬೇಡಿ. ಮೂರನೆಯ ಸಲಕ್ಕೆ ತಾನೇ ಸರಿಹೋಗುತ್ತದೆ.

‘ಸಹಾಯ’ ಎಂಬ ಪದ ಬಿಟ್ಟುಬಿಡಿ. ತಮ್ಮ ಮನೆಯಲ್ಲಿ ತಾವು ಉಂಡ ತಟ್ಟೆ ತೊಳೆದದ್ದಕ್ಕೆ ಸಹಾಯ ಎನ್ನುವುದು ನೆಂಟರು.

ಎರಡು ಮಕ್ಕಳಾದ ಮೇಲೆ ಆಪರೇಷನ್‌ಗೆ ಹೆಂಗಸರೇ ಬರುತ್ತಾರೆ. ಗಂಡಸರಿಗೆ ಹೇಳಿದರೆ ‘ಶಕ್ತಿ ಹೋಗುತ್ತೆ, ಹೊಲದ ಕೆಲಸ ಆಗಲ್ಲ’ ಅಂತಾರೆ. ಹೇಗೆ ಒಪ್ಪಿಸುವುದು?
– ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದ ದಂಪತಿ ನೂರಕ್ಕೆ 37.9, ಗಂಡಸರದನ್ನು ನೆಚ್ಚಿದವರು 0.3. ಎರಡರಲ್ಲಿ ಸುಲಭದ್ದು ಯಾವುದು ಎಂದು ನೋಡಿದರೆ ಈ ಅಂಕಿ ತಲೆಕೆಳಗಾಗಿರಬೇಕಿತ್ತು. ಹೆಣ್ಣಿಗೆ ಹೊಟ್ಟೆ ಕೊಯ್ದು ಒಳಗೆ ಉಪಕರಣ ಹಾಕಬೇಕು. ಗಂಡಸಿಗೆ ಬೀಜದ ಚೀಲದ ಚರ್ಮದಲ್ಲಿ ಒಂದು ಸಣ್ಣ ತೂತು, ಹೊಲಿಗೆಯಿಲ್ಲ, ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು, 10–15 ನಿಮಿಷ. ಸ್ವಲ್ಪ ಹೊತ್ತು ಮಲಗಿಸಿ ಅವತ್ತೇ ಮನೆಗೆ ಕಳಿಸುತ್ತಾರೆ.

‘ಶಕ್ತಿ’ಯ ಮಾತಿಗೆ ಚಿತ್ರ ಬರೆದು ತೋರಿಸಿ. ಕಟ್ಟುವುದು ವೀರ್ಯಾಣು ಸಾಗುವ ಎರಡು ಸಣ್ಣ ನಾಳಗಳನ್ನು. ಗಂಡಸುತನದ ಹಾರ್ಮೋನು ರಕ್ತಕ್ಕೆ ಸೇರುವುದು ಬೇರೆ ದಾರಿಯಲ್ಲಿ, ಅದನ್ನು ಯಾರೂ ಮುಟ್ಟುವುದಿಲ್ಲ. ವೀರ್ಯದ ಬಹುಪಾಲು ದ್ರವವೂ ಮೊದಲಿನಂತೆಯೇ ಇರುತ್ತದೆ. ಎರಡು ದಿನ ವಿಶ್ರಾಂತಿ, ಬಿಗಿ ಚಡ್ಡಿ, ಒಂದು ವಾರ ಮೂಟೆ ಹೊರುವುದು, ಸೈಕಲ್ ತುಳಿಯುವುದು ಬೇಡ. ಆದ್ದರಿಂದ ಸುಗ್ಗಿಯ ವೇಳೆಗೆ ಕರೆಯಬೇಡಿ. ಹೊಲದಲ್ಲಿ ಕೆಲಸವಿಲ್ಲದ ತಿಂಗಳು ನೋಡಿ ಮಾತೆತ್ತಿ.

ಎಡವಟ್ಟಾಗುವುದು ಒಂದೇ ಕಡೆ. ಚಿಕಿತ್ಸೆ ಆದ ತಕ್ಷಣ ಅದು ಕೆಲಸ ಮಾಡುವುದಿಲ್ಲ, ನಾಳದಲ್ಲಿ ಮೊದಲೇ ಇದ್ದ ವೀರ್ಯಾಣು ಖಾಲಿಯಾಗಬೇಕು. 3 ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಇದನ್ನು ಹೇಳದೆ ಕಳಿಸಿದರೆ ಎರಡನೆಯ ತಿಂಗಳು ಹೆಂಡತಿ ಗರ್ಭಿಣಿಯಾಗುತ್ತಾಳೆ, ಊರು ಆಕೆಯ ಶೀಲದ ಮೇಲೆ ಮಾತಾಡುತ್ತದೆ. ಹಾಗಾಗಿ 3 ತಿಂಗಳ ಮಾತನ್ನು ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿ, ಪರೀಕ್ಷೆಯ ತಾರೀಖನ್ನು ಚೀಟಿಯಲ್ಲಿ ಬರೆದುಕೊಡಿ.

ಸರ್ಕಾರದ ಮಾರ್ಗಸೂಚಿಯಲ್ಲಿ ಇಬ್ಬರಲ್ಲಿ ಯಾರ ಶಸ್ತ್ರಚಿಕಿತ್ಸೆಗೂ ಸಂಗಾತಿಯ ಸಹಿ ಬೇಕಿಲ್ಲ. ಆದರೂ ‘ಗಂಡನ ಸಹಿ ತನ್ನಿ’ ಎನ್ನುವ ರೂಢಿ ಕೆಲವು ಕಡೆ ಉಳಿದಿದೆ. ಗುರಿ ಮುಟ್ಟಿಸುವ ಅವಸರ ಎಂಥದ್ದು ಎಂಬುದಕ್ಕೆ 2014ರ ನವೆಂಬರಿನ ಛತ್ತೀಸಗಢದ ಬಿಲಾಸಪುರವಿದೆ. ಒಂದೇ ಶಿಬಿರದಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆಯಾಯಿತು, ಹತ್ತಕ್ಕೂ ಹೆಚ್ಚು ಜನ ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮ ಪಂಚಾಯಿತಿಯಲ್ಲಿ ಅಧ್ಯಕ್ಷೆ ಹೆಸರಿಗೆ ಮಾತ್ರ. ಕುರ್ಚಿಯಲ್ಲಿ ಕೂರುವುದು ಅವರ ಯಜಮಾನರು. ಮೀಸಲಾತಿಯಿಂದ ಏನು ಪ್ರಯೋಜನವಾಯಿತು?
– ಗ್ರಾಮ ಪಂಚಾಯಿತಿ ಸದಸ್ಯೆ, ಹಾವೇರಿ ಜಿಲ್ಲೆ

ಕರ್ನಾಟಕ 1983ರ ಕಾಯ್ದೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟಿತ್ತು, ಸಂವಿಧಾನದ 73ನೇ ತಿದ್ದುಪಡಿಗೂ ಹತ್ತು ವರ್ಷ ಮುಂಚೆ. 2010ರಿಂದ ಅದು 50. ಕುರ್ಚಿ ಬಂತು, ಕೂರುವುದಕ್ಕೆ ಇನ್ನೂ ಜಗಳ ನಡೆಯುತ್ತಿದೆ. ಪ್ರಯೋಜನವಿಲ್ಲ ಎನ್ನಲು ಇದು ಕಾರಣವಾಗದು.

ಸದಸ್ಯೆಯಾದ ನಿಮ್ಮ ಕೈಯಲ್ಲೇ ಒಂದು ಉಪಾಯವಿದೆ. ಸಭೆ ಶುರುವಾದಾಗ ಸದಸ್ಯರಲ್ಲದವರು ಕೂತಿದ್ದರೆ, ‘ಇವರು ಯಾವ ಹುದ್ದೆಯಲ್ಲಿ ಹಾಜರಿದ್ದಾರೆ, ನಡಾವಳಿಯಲ್ಲಿ ಬರೆಯಿರಿ’ ಎಂದು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಹೇಳಿ. ಜಗಳ ಬೇಡ, ದನಿ ಏರಿಸುವುದೂ ಬೇಡ. ನಡಾವಳಿ ಪುಸ್ತಕದಲ್ಲಿ ಬರೆಯಲು ಯಾವ ಪಿಡಿಒಗೂ ಧೈರ್ಯವಾಗುವುದಿಲ್ಲ, ಯಜಮಾನರು ಎದ್ದು ಟೀ ಕುಡಿಯಲು ಹೋಗುತ್ತಾರೆ. ಅಧ್ಯಕ್ಷೆಯ ಜೊತೆ ಸಲುಗೆಯಿದ್ದರೆ ಡಿಜಿಟಲ್ ಸಹಿಯ ಕೀ ಎಲ್ಲಿದೆ ಕೇಳಿ. ಪಾವತಿಗೆ ಅವರ ಮತ್ತು ಪಿಡಿಒ ಇಬ್ಬರ ಸಹಿಯೂ ಬೇಕು. ಆ ಪೆನ್‌ಡ್ರೈವಿನಂಥ ಕೀ ಗಂಡನ ಜೇಬಿನಲ್ಲೂ ಒಟಿಪಿ ಗಂಡನ ಫೋನಿನಲ್ಲೂ ಇದ್ದರೆ, ಲೆಕ್ಕಪರಿಶೋಧನೆಯಲ್ಲಿ ವಸೂಲಿ ಬಂದಾಗ ಹೆಸರು ಮಾತ್ರ ಆಕೆಯದು. ಈ ಒಂದು ಮಾತನ್ನು ಹೇಳಿ. ಹಕ್ಕಿನ ಭಾಷಣಕ್ಕಿಂತ ಬೇಗ ತಲುಪುತ್ತದೆ.

ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳುತ್ತದೆ. ಗಂಡ-ಹೆಂಡತಿ ಜಗಳದಲ್ಲಿ ನಾವು ತಲೆ ಹಾಕಬಹುದೇ?
– ಮೈಸೂರು

ಹಾಕಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ಹೇಳಿದವರ ಮೇಲೆ ಕೇಸು ಬರುವುದಿಲ್ಲ. ಸದ್ದು ಕೇಳಿದ ಗಳಿಗೆಯಲ್ಲಿ ಬೆಲ್ ಒತ್ತಿ ಸಕ್ಕರೆ ಕೇಳಿ, ನೀರು ಬಂತಾ ಕೇಳಿ. ಹೊಡೆಯುವ ಕೈ ಅಷ್ಟಕ್ಕೇ ನಿಲ್ಲುವುದುಂಟು. ಜೀವಕ್ಕೆ ಅಪಾಯವೆನಿಸಿದರೆ 112. ಆಮೇಲೆ ಆಕೆ ಒಬ್ಬರೇ ಸಿಕ್ಕಾಗ ಮಹಿಳಾ ಸಹಾಯವಾಣಿಯ 181 ಸಂಖ್ಯೆ ಹೇಳಿ. ಅವರ ಫೋನಿನಲ್ಲಿ ಬರೆದುಕೊಡಬೇಡಿ, ಆ ಫೋನನ್ನು ಇನ್ನೊಬ್ಬರು ನೋಡುತ್ತಾರೆ. ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಸಂಸಾರ ನಡೆಸಿದ ಮನೆಯಲ್ಲಿ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ಇದನ್ನೂ ತಿಳಿಸಿ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ 18–49 ವಯಸ್ಸಿನ ವಿವಾಹಿತೆಯರು ಕರ್ನಾಟಕದಲ್ಲಿ ನೂರಕ್ಕೆ 44.4. ನಿಮ್ಮ ಪಕ್ಕದ ಮನೆ ಒಂದೇ ಅಲ್ಲ.

ಮದುವೆಯಾದ ಮೇಲೆ ಹೆಸರಿನ ಜೊತೆ ಗಂಡನ ಹೆಸರು ಸೇರಿಸಲೇಬೇಕಾ? ವಿದೇಶಕ್ಕೆ ಹೋಗುವುದಿದೆ.
– ಶಿವಮೊಗ್ಗ

ಸೇರಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟಿಗೆ ಮದುವೆ ಪ್ರಮಾಣಪತ್ರ ಕಡ್ಡಾಯವಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಕೊಟ್ಟರೂ ಸಾಕು. ತೊಂದರೆಯಾಗುವುದು ಅರ್ಧಂಬರ್ಧ ಬದಲಿಸಿದಾಗ. ಆಧಾರಿನಲ್ಲಿ ಗಂಡನ ಹೆಸರು, ಪ್ಯಾನಿನಲ್ಲಿ ಅಪ್ಪನ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದರೆ ಪಿಎಫ್ ಹಣ ತೆಗೆಯುವಾಗಲೂ ವೀಸಾ ಸಂದರ್ಶನದಲ್ಲೂ ಪೇಚಾಟ. ನಮ್ಮ ಕಡೆಯವರಿಗೆ ಇನಿಷಿಯಲ್ಲೇ ದೊಡ್ಡ ಕಂಟಕ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ಅಂಕಪಟ್ಟಿಯ ಹೆಸರನ್ನೇ ಮೂಲವಾಗಿಟ್ಟುಕೊಂಡು, ಇನಿಷಿಯಲ್ಲನ್ನು ಒಂದೇ ಕಾಗುಣಿತದಲ್ಲಿ ಬಿಡಿಸಿ, ಮೊದಲು ಆಧಾರ್, ಆಮೇಲೆ ಪ್ಯಾನ್, ಬ್ಯಾಂಕ್, ಕೊನೆಗೆ ಪಾಸ್‌ಪೋರ್ಟ್ ಎಂದು ಸರಿಮಾಡಿಕೊಳ್ಳಿ. ಅತ್ತೆಮನೆಯವರು ಕೇಳಿದರೆ ವೀಸಾದವರು ಒಪ್ಪುವುದಿಲ್ಲವಂತೆ ಎಂದು ಹೇಳಿದರೂ ಅಡ್ಡಿಯಿಲ್ಲ.